ಕಂಪನಿ ರೇಟಿನ ಕುಟುಂಬ

ಸೆಪ್ಟೆಂಬರ್ 4, 2008, ಗುರುವಾರ

ಇವತ್ತು ದೊಡ್ಡಪ್ಪ ನನ್ನನ್ನು ಹೆಸರು ಹಿಡಿದು ಕರೆದರು. ಹತ್ತು ವರ್ಷದಲ್ಲಿ ಇದೇ ಮೊದಲು.

ನಾನು ಶೋರೂಮಿನ ಹಿಂದೆ ಒಂದು ಕಾರಿನ ಬಾಗಿಲ ಸಂದಿಯಲ್ಲಿ ಕೂತ ಕೆಂಪು ಧೂಳನ್ನು ಹಳೇ ಹಲ್ಲಿನ ಬ್ರಶ್ಶಿನಿಂದ ತೆಗೆಯುತ್ತಿದ್ದೆ. ಬೇಲೇಕೇರಿ ಬಂದರಿಗೆ ಅದಿರಿನ ಲಾರಿಗಳು ಓಡತೊಡಗಿದ ಮೇಲೆ ಕಾರವಾರಕ್ಕೆ ಸರ್ವಿಸಿಗೆ ಬರುವ ಕಾರುಗಳೆಲ್ಲ ಒಂದೇ ಬಣ್ಣದವು. ತೊಳೆದ ಮೇಲೆಯೇ ಬಿಳಿಯೋ ನೀಲಿಯೋ ಎಂದು ತಿಳಿಯುವುದು. ಹಿಂದಿನಿಂದ ಯಾರೋ "ಏ ನೀಲಾ!" ಎಂದರು. ತಿರುಗಿದರೆ ದೊಡ್ಡಪ್ಪ. ಪಕ್ಕದಲ್ಲಿ ಮಾರಾಟದ ಮೇಜಿನ ವಿನುತಾ.

"ನಮ್ಮ ರಾಮನ ಮಗಳಲ್ದನೇ ನೀನು? ಗುರ್ತೇ ಸಿಕ್ಕುದಿಲ್ಲಲೇ ತಂಗೀ! ಎಷ್ಟು ಸೊರಗಿದ್ಯೆ!"

ನಾನು ಕಾರಿನ ಆಚೆ ಬದಿಗೆ ಹೋಗಿ ಆ ಬಾಗಿಲನ್ನು ಉಜ್ಜತೊಡಗಿದೆ. ಅದು ಆಗಲೇ ಉಜ್ಜಿದ ಬಾಗಿಲು.

ಹೋದ ತಿಂಗಳು ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ನಾನು ಎದುರಿಗೇ ನಿಂತಿದ್ದಾಗ ಇದೇ ದೊಡ್ಡಪ್ಪ ಹತ್ತು ನಿಮಿಷ ಹುಬ್ಬಳ್ಳಿ ಬಸ್ಸಿನ ಬೋರ್ಡನ್ನೇ ಓದುತ್ತಿದ್ದರು. ಅವರಿಗೆ ಹುಬ್ಬಳ್ಳಿಗೆ ಹೋಗುವುದಿರಲಿಲ್ಲ.

ಆಮೇಲೆ ವಿನುತಾ ವಿಷಯ ಹೇಳಿದಳು. ಚೌತಿಗೆ ಶೋರೂಮಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದಾರಲ್ಲ, ನಮ್ಮ ನೌಕರರ ಕುಟುಂಬದವರು ಹೊಸ ಕಾರು ಕೊಂಡರೆ ಇಪ್ಪತ್ತೆಂಟು ಸಾವಿರ ರಿಯಾಯಿತಿ ಎಂದು. ದೊಡ್ಡಪ್ಪ ಕಾರು ನೋಡಲು ಬಂದವರು ಅದನ್ನು ಓದಿ, ಇಲ್ಲಿ ಕೆಲಸಕ್ಕೆ ಯಾರ್ಯಾರಿದ್ದಾರೆ ಎಂದು ಕೇಳಿ, ಕಸ ಗುಡಿಸುವವರ ತನಕ ಹೆಸರು ಹೇಳಿಸಿಕೊಂಡು, ನನ್ನ ಹೆಸರು ಸಿಕ್ಕಿದ ಮೇಲೆ ಹಿಂದೆ ಬಂದರಂತೆ.

ಮನೆಗೆ ಬಂದು ಅವ್ವಿಗೆ ಹೇಳಿದೆ. ಅವ್ವಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು.

"ಹತ್ತು ವರ್ಸ ಸಿಗದ ಗುರ್ತು ಇವತ್ತು ಸಿಕ್ತು ಅಂದ್ರೆ, ಕಾರಿನ ಗಾಜು ನೀನು ಗನಾ ಮಾಡಿ ತೊಳೆದ್ಯೆ ಅಂತಾಯ್ತು" ಅಂದಳು.

ಸೆಪ್ಟೆಂಬರ್ 6, ಶನಿವಾರ

ದೊಡ್ಡಪ್ಪ ಭಾವಿಕೇರಿಗೆ, ನಮ್ಮ ಬಿಡಾರಕ್ಕೇ ಬಂದರು. ಪೇಡೆಯ ಡಬ್ಬಿ, ಒಂದು ಚಿಪ್ಪು ಬಾಳೆಹಣ್ಣು. ಕೂರಲು ಜಾಗ ಹುಡುಕಿ ಕೊನೆಗೆ ಅವ್ವಿಯ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಎದ್ದಾಗ ಬಿಳಿ ಪ್ಯಾಂಟಿಗೆ ಬಂಗಡೆಯ ಹುರುಪೆ ಅಂಟಿತ್ತು. ನನಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ಈ ಬಿಡಾರವನ್ನು ದೀಪಾವಳಿಯೊಳಗೆ ಖಾಲಿ ಮಾಡಬೇಕು. ಜಾಗದ ಧಣಿ ಲಾರಿ ನಿಲ್ಲಿಸುವವರಿಗೆ ಜಾಗ ಕೊಟ್ಟಾಯಿತು. ಅವ್ವಿ ಮೂರು ಕಡೆ ಕೇಳಿದ್ದಾಳೆ. ಮೀನು ಮಾರುವವಳೆಂದರೆ ವಾಸನೆ ಅನ್ನುತ್ತಾರೆ, ಆಮೇಲೆ ಗಂಡಸರು ಯಾರಿದ್ದಾರೆ ಎಂದು ಕೇಳುತ್ತಾರೆ. ಇದನ್ನು ಅವ್ವಿ ದೊಡ್ಡಪ್ಪನಿಗೆ ಹೇಳಿದಳು. ಅವರು ಗೋಡೆಯ ಕ್ಯಾಲೆಂಡರು ನೋಡುತ್ತ "ದೇವ್ರು ಒಂದು ದಾರಿ ಮಾಡ್ತಾನೆ" ಅಂದು, ಮುಂದಿನ ಮಾತಿಗೇ "ನೀಲಾ ಒಂದು ಸಹಿ ಹಾಕಿದ್ರೆ ಸಾಕು" ಅಂದರು.

ದೊಡ್ಡಪ್ಪ ಇರುವ ಅವರ್ಸಾದ ಮನೆ ಅಜ್ಜ ಕಟ್ಟಿಸಿದ್ದು. ಅಪ್ಪನೂ ದೊಡ್ಡಪ್ಪನೂ ಅಲ್ಲೇ ಹುಟ್ಟಿದವರು. ಅಪ್ಪ ದೋಣಿ ಮಗುಚಿ ಹೋದ ಮೇಲೆ ಹನ್ನೆರಡನೇ ದಿನದ ಊಟ ಮುಗಿದ ವಾರಕ್ಕೆ ದೊಡ್ಡವ್ವ ಕಾಶಿ ನಮ್ಮ ಒಲೆ ಬೇರೆ ಮಾಡಿದಳು. ಬೇರೆ ಒಲೆಗೆ ಮನೆಯಲ್ಲಿ ಜಾಗ ಸಾಲದೆಂದು ಅಂಗಳದಲ್ಲಿ ಮಾಡಿದಳು. ಮಳೆ ಬಂತು, ನಾವು ಭಾವಿಕೇರಿಗೆ ಬಂದೆವು. ಆಮೇಲೆ ರೇಶನ್ ಕಾರ್ಡು ಹೊಸದು ಮಾಡಿಸುವಾಗ ನಮ್ಮಿಬ್ಬರ ಹೆಸರು ಅದರಲ್ಲಿ ಬರಲಿಲ್ಲ. ಆಗ ನಾನು ನಾಲ್ಕನೇ ಇಯತ್ತೆ. ಆ ವರ್ಷವೇ ಶಾಲೆಯೂ ಮುಗಿಯಿತು.

ದಿನಾ ಬಸ್ಸು ಅವರ್ಸಾ ದಾಟುವಾಗ ನಾನು ಕಡಲಿನ ಬದಿ ನೋಡುವುದಿಲ್ಲ.

ಪೇಡೆ ಚೆನ್ನಾಗಿತ್ತು.

ಸೆಪ್ಟೆಂಬರ್ 8, ಸೋಮವಾರ

ಮ್ಯಾನೇಜರ್ ದೇವಾನಂದ ಸರ್ ನನ್ನನ್ನು ಒಳಗೆ ಕರೆಸಿದರು. ಏಸಿ ಕೋಣೆ. ನನ್ನ ಕೈ ಒದ್ದೆ ಇತ್ತು, ಹಿಂದೆ ಕಟ್ಟಿಕೊಂಡು ನಿಂತೆ. ದೊಡ್ಡಪ್ಪ ಕುರ್ಚಿಯಲ್ಲಿ ಕೂತಿದ್ದರು.

ಸರ್ ನಿಯಮ ಓದಿದರು. ನೌಕರನ ಕೆಲಸ ಎರಡು ವರ್ಷ ಆಗಿರಬೇಕು, ನನ್ನದು ಆಗಿದೆ. ಕಾರು ಕೊಳ್ಳುವವನೂ ನೌಕರನೂ ಒಂದೇ ರೇಶನ್ ಕಾರ್ಡಿನಲ್ಲಿ ಇರಬೇಕು. ಒಂದೇ ಮನೆಯಲ್ಲಿ ವಾಸ ಇರಬೇಕು, ಒಂದೇ ಅಡುಗೆ. ಕಾರು ಕೊಂಡು ಒಂದು ವರ್ಷದೊಳಗೆ ಬೇರೆಯಾದರೆ ನೌಕರ ಬರೆದು ತಿಳಿಸಬೇಕು, ಕೊಂಡವನು ರಿಯಾಯಿತಿ ವಾಪಸ್ಸು ಕಟ್ಟಬೇಕು. ಸುಳ್ಳು ಬರೆದರೆ ನೌಕರನ ಕೆಲಸ ಹೋಗುತ್ತದೆ. ಹಿಂದೆ ಎಲ್ಲೋ ಒಬ್ಬ ವಾಚ್‌ಮನ್ನನಿಗೆ ಒಂದೇ ವರ್ಷದಲ್ಲಿ ಹನ್ನೊಂದು ಜನ ಅಣ್ಣತಮ್ಮಂದಿರು ಹುಟ್ಟಿಕೊಂಡರಂತೆ. ಅದಕ್ಕೇ ಈಗ ಹುಬ್ಬಳ್ಳಿಯಿಂದ ತಪಾಸಣೆಗೆ ಸಾಹೇಬರು ಮನೆಗೇ ಬರುತ್ತಾರೆ.

"ಅದೆಲ್ಲ ಬರೀ ಬರಿಯೂಕೆ ಇಟ್ಟದ್ದು" ಅಂದರು ದೊಡ್ಡಪ್ಪ. "ಸಹಿ ಅಂದ್ರೆ ಒಂದು ಗೀಟು. ಹಾಕು ತಂಗೀ."

ನಾನು ಪೆನ್ನು ಮುಟ್ಟಲಿಲ್ಲ. ಕೆಲಸ ಹೋಗುತ್ತದೆ ಎಂಬ ಸಾಲಿನ ಮೇಲೆಯೇ ನನ್ನ ಕಣ್ಣು. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬಾರದು.

"ಯಾಕೆ ಹಾಕುದಿಲ್ಲಾ?"

"ನಾವು ಕಾರ್ಡಲ್ಲಿ ಇಲ್ಲಲಾ" ಅಂದೆ. ಅಷ್ಟು ಹೇಳಿ ಹೊರಗೆ ಬಂದು ಎರಡು ಚಂಬು ನೀರು ಕುಡಿದೆ.

ಸೆಪ್ಟೆಂಬರ್ 9, ಮಂಗಳವಾರ

ಐದು ಕಾರು ತೊಳೆದೆ. ಯಾರ ಜೊತೆಗೂ ಮಾತಿಲ್ಲ. ಒಳ್ಳೆಯ ದಿನ.

ಸೆಪ್ಟೆಂಬರ್ 13, ಶನಿವಾರ

ದೊಡ್ಡಪ್ಪ ಮತ್ತೆ ಬಂದಿದ್ದರು. ಈ ಸಲ ಪೇಡೆ ಇಲ್ಲ.

ಅವರಿಗೆ ಇಪ್ಪತ್ತೆಂಟು ಸಾವಿರ ದೊಡ್ಡದಲ್ಲ. ಎರಡು ಟ್ರಾಲರ್ ಇದೆ, ಅದಿರು ರಾಶಿ ಹಾಕಲು ಕೊಟ್ಟ ಗದ್ದೆಯ ಬಾಡಿಗೆ ಬರುತ್ತದೆ. ಆದರೆ ಹೇಳಿದ ದರಕ್ಕೆ ಅವರು ಇದುವರೆಗೆ ಏನನ್ನೂ ಕೊಂಡವರಲ್ಲ. ಅಪ್ಪನ ಶವ ತಂದ ಜೀಪಿನವನ ಜೊತೆಗೂ ಚೌಕಾಸಿ ಮಾಡಿದ್ದರು ಎಂದು ಅವ್ವಿ ಹೇಳುತ್ತಾಳೆ. ಈಗ ಅವರ್ಸಾದಲ್ಲೆಲ್ಲ "ನಂಗೆ ಕಾರು ಕಂಪನಿ ರೇಟಲ್ಲಿ ಬರ್ತದೆ, ಒಳಗಿನ ಜನ ಅದೆ" ಎಂದು ಹೇಳಿಬಿಟ್ಟಿದ್ದಾರಂತೆ. ಒಳಗಿನ ಜನ ಎಂದರೆ ನಾನು. ಇಷ್ಟು ದಿನ ಹೊರಗಿನವಳಾಗಿದ್ದೆ.

"ಕಾರ್ಡಲ್ಲಿ ಇಲ್ಲಾ ಅಂದ್ಯಲಾ, ಕಾರ್ಡಿಗೆ ಹಾಕ್ಸ್ತೆ" ಅಂದರು ದೊಡ್ಡಪ್ಪ. "ಆಮೇಲೆ ಮತ್ತೆ ತೆಗೆಸಿದ್ರಾಯ್ತು."

"ತೆಗೆಸೂದು ನಿಮ್ಗೆ ರೂಢಿ ಅದೆ ಭಾವ" ಅಂದಳು ಅವ್ವಿ.

ಸೆಪ್ಟೆಂಬರ್ 22, ಸೋಮವಾರ

ರಜೆ ಹಾಕಿ ಅಂಕೋಲೆಗೆ ಹೋದೆ. ತಾಲೂಕು ಕಚೇರಿ, ಪಂಚಾಯತ, ಮತ್ತೆ ವಕೀಲರ ಬಳಿ. ದೊಡ್ಡಪ್ಪ ಮುಂದೆ, ಅವ್ವಿ ನಡುವೆ, ನಾನು ಹಿಂದೆ.

ವಕೀಲರು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆಸಿದರು. "ಅಣ್ಣನ ಮನೇಲಿ ತಮ್ಮನ ಮಗಳು ಇದ್ದಾಳೆ ಅಂದ್ರೆ ಕಂಪನಿಯವ್ರು ನೆಂಟಳು ಅಂತಾರೆ. ಮನೆ ಇಬ್ರದ್ದೂ ಅಂತ ಇದ್ರೇ ಕುಟುಂಬ" ಎಂದು ದೊಡ್ಡಪ್ಪನಿಗೆ ತಿಳಿಸಿ ಹೇಳಿದರು. ದೊಡ್ಡಪ್ಪ ಆಗ ಫೋನಿನಲ್ಲಿ ಐಸ್ ಪ್ಲಾಂಟಿನವನ ಜೊತೆ ಗುದ್ದಾಡುತ್ತಿದ್ದರು. "ಎಂತಾ ಬೇಕಾದ್ರೂ ಬರೀರಿ, ಕಾರು ದೀಪಾವಳಿಗೆ ಬರ್ಬೇಕು" ಅಂದು, ಫೋನನ್ನು ಭುಜಕ್ಕೆ ಒತ್ತಿಕೊಂಡೇ ಸಹಿ ಹಾಕಿದರು. ಹಾಕಿದ ಮೇಲೆ ಫೀಸಿನಲ್ಲಿ ಐವತ್ತು ರೂಪಾಯಿ ಕಡಿಮೆ ಮಾಡಿಸಿದರು.

ನಾನು ಬಸ್ಸಿನಲ್ಲಿ ಬರುವಾಗ ಜೆರಾಕ್ಸ್ ಪ್ರತಿ ಓದಿದೆ. ಬೇರೆಯವರು ಬರೆದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವಳು ನಾನು, ಭಾವಿಕೇರಿ ಬರುವ ತನಕ ಬೇಕಾಯಿತು. ದೊಡ್ಡಪ್ಪನ ಮಾತಾಗಿ ಬರೆದಿತ್ತು: ಈ ಮನೆ ನನ್ನ ತಂದೆಯ ಹೆಸರಿನಲ್ಲಿದ್ದು ಇದುವರೆಗೆ ಪಾಲಾಗಿಲ್ಲ. ಮೃತ ತಮ್ಮ ರಾಮನ ಹೆಂಡತಿ ಬೊಮ್ಮಿ ಮತ್ತು ಮಗಳು ನೀಲಾ ಇವರು ಅವನ ಅರ್ಧ ಪಾಲಿನ ಹಕ್ಕುದಾರರಾಗಿ ಇದೇ ಮನೆಯಲ್ಲಿ ವಾಸವಿದ್ದಾರೆ. ಇದು ಸತ್ಯವೆಂದು ಪ್ರಮಾಣ ಮಾಡುತ್ತೇನೆ.

ಓದಿ ಹೆದರಿಕೆಯಾಯಿತು. ವಾಸವಿದ್ದಾರೆ ಎಂದು ಬರೆದಿದೆ. ನಾವು ವಾಸವಿಲ್ಲ.

ಸೆಪ್ಟೆಂಬರ್ 24, ಬುಧವಾರ

ಕಾರ್ಡು ಬಂತು. ಹೆಸರು ಇದೆ. ದೇವಾನಂದ ಸರ್ ಮತ್ತೆ ಪೆನ್ನು ಕೊಟ್ಟರು.

"ಈಗ ಎಂತಾ?" ಅಂದರು ದೊಡ್ಡಪ್ಪ.

"ನಾವು ಅಲ್ಲಿ ಮಲಗುದಿಲ್ಲಲಾ" ಅಂದೆ.

ದೊಡ್ಡಪ್ಪ ದೇವಾನಂದ ಸರ್ ಮುಖ ನೋಡಿದರು. ಸರ್ ಫ್ಯಾನ್ ನೋಡಿದರು. ನನಗೆ ಅಳು ಬಂತು. ಹಟ ಮಾಡಬೇಕೆಂದಲ್ಲ. ಸುಳ್ಳು ಸಹಿ ಹಾಕಿದರೆ ಕೆಲಸ ಹೋಗುತ್ತದೆ ಎಂದು ಇವರೇ ಓದಿ ಹೇಳಿದ್ದು.

"ಬನ್ನಿ ಮಾರಾಯ್ತಿ, ಬಂದು ಮಲಗಿ!" ಅಂದರು ದೊಡ್ಡಪ್ಪ. "ನಾಕು ದಿನ. ಆ ಹುಬ್ಬಳ್ಳಿಯವ ಬಂದು ಹೋಗುವರೆಗೆ. ಚಾಪೆ ತಕಂಡೇ ಬನ್ನಿ."

ಸೆಪ್ಟೆಂಬರ್ 28, ಭಾನುವಾರ

ಅವರ್ಸಾ.

ಬಂದೆವು. ಒಂದು ಟ್ರಂಕು, ಎರಡು ಚಾಪೆ, ಅವ್ವಿಯ ಬುಟ್ಟಿ, ಪಾತ್ರೆ. ಪಡಸಾಲೆಯ ಬದಿಯ ಕೋಣೆಯಲ್ಲಿ ಹಳೇ ಬಲೆ ತುಂಬಿದ್ದರು. ಅದು ಅಪ್ಪನ ಕೋಣೆ. ದೊಡ್ಡಪ್ಪನ ಮಗ ಕಿಶೋರ ಬಲೆಗಳನ್ನು ಹೊರಗೆ ಎಳೆದು ಹಾಕಿದ. ಅವನು ಕೆಟ್ಟವನಲ್ಲ, ಅವನಿಗೆ ಕಾರು ಬೇಕು ಅಷ್ಟೇ. ದೊಡ್ಡಪ್ಪ ಅಪ್ಪನ ಫೋಟೋ ಎಲ್ಲಿಂದಲೋ ಹುಡುಕಿ, ಒರೆಸಿ, ಗೋಡೆಗೆ ಮೊಳೆ ಹೊಡೆದು ಹಾರ ಹಾಕಿದರು. "ಸಾಯಬ್ರಿಗೆ ಕಾಣ್ಬೇಕು" ಎಂದು ಬಾಗಿಲಲ್ಲಿ ನಿಂತು ನೋಡಿ, ಸ್ವಲ್ಪ ಎಡಕ್ಕೆ ಸರಿಸಿದರು.

ದೊಡ್ಡವ್ವ ಜಗಲಿಯಿಂದ ಎದ್ದೂ ಬರಲಿಲ್ಲ.

"ಚಾಪೆ ಗನಾ ಝಾಡ್ಸಿ ತಂದಿರಲಾ? ಭಾವಿಕೇರಿ ತಗಣಿ ಇಲ್ಲಿಗೆ ಬ್ಯಾಡ."

"ಝಾಡ್ಸಿದ್ದೆ ಅಕ್ಕಾ" ಅಂದಳು ಅವ್ವಿ. "ತಗಣಿಗೂ ಕಾರ್ಡಲ್ಲಿ ಹೆಸ್ರು ಬೇಕಲಾ ಇಲ್ಲಿಗೆ ಬರೂಕೆ."

ರಾತ್ರಿ ಮಲಗಿದ್ದೇವೆ ಎಂದು ಖಾತ್ರಿಯಾದ ಮೇಲೆ ನಾಳೆ ಸಹಿ ಹಾಕುತ್ತೇನೆ.

ಸೆಪ್ಟೆಂಬರ್ 29, ಸೋಮವಾರ

ಸಹಿ ಹಾಕಿದೆ. ನನ್ನ ಹೆಸರಿನ 'ಲಾ'ದ ದೀರ್ಘ ಚೌಕದ ಹೊರಗೆ ಹೋಯಿತು. ಸರ್ ನಡೆಯುತ್ತದೆ ಅಂದರು.

ಅಕ್ಟೋಬರ್ 3, ಶುಕ್ರವಾರ

ಹುಬ್ಬಳ್ಳಿ ಸಾಹೇಬರು ಬರಲಿಲ್ಲ. ನಾಳೆ ಬರುತ್ತಾರಂತೆ. ಇದು ನಾಲ್ಕನೇ ನಾಳೆ.

ಒಂದೇ ಅಡುಗೆ ಎಂದು ನಿಯಮ ಇರುವುದರಿಂದ ಅವ್ವಿಗೆ ಬೇರೆ ಒಲೆ ಹಚ್ಚಲು ಬಿಡುವುದಿಲ್ಲ. ದೊಡ್ಡವ್ವ ಮಾಡಿದ್ದನ್ನು ಎರಡು ದಿನ ಉಂಡೆವು. ಮೂರನೇ ದಿನ ಅವ್ವಿ ಬೆಳಗಿನ ಮೀನು ಮಾರಿ ಬರುವಾಗ ಉಳಿದ ನೊಗಲಿ ತಂದು ಸಾರು ಮಾಡಿದಳು. ಕಿಶೋರ ಮೂರು ಸಲ ಅನ್ನ ಹಾಕಿಸಿಕೊಂಡ. ದೊಡ್ಡಪ್ಪ ಬಟ್ಟಲಿಗೆ ಬೆರಳು ಒರೆಸಿ ನೆಕ್ಕಿ, "ಅವ್ವಿ ಇದ್ದಾಗಿನ ರುಚಿ" ಎಂದುಬಿಟ್ಟರು. ಅವರ ತಾಯಿ, ನನ್ನ ಅಜ್ಜಿ. ದೊಡ್ಡವ್ವ ಎದ್ದು ಟೀವಿ ಹಚ್ಚಿದಳು.

ಅಂದಿನಿಂದ ಅಡುಗೆ ಅವ್ವಿಯದು. ದೊಡ್ಡವ್ವನಿಗೆ ಮಧ್ಯಾಹ್ನ ಮೂರು ಧಾರಾವಾಹಿ, ಸಂಜೆ ನಾಲ್ಕು.

ಅಕ್ಟೋಬರ್ 9, ಗುರುವಾರ

ದಸರೆ. ಶೋರೂಮಿನಲ್ಲಿ ಇಪ್ಪತ್ತು ಕಾರಿಗೆ ಪೂಜೆ. ನಿಂಬೆಹಣ್ಣು ಚಕ್ರದ ಕೆಳಗೆ ಇಡುವುದು ನನ್ನ ಕೆಲಸ. ಬೆನ್ನು ನೋಯುತ್ತದೆ.

ಸಾಹೇಬರು ಬರಲಿಲ್ಲ. ಅವ್ವಿ ಅಡುಗೆ ಕೋಣೆಯ ಗೂಡುಗಳನ್ನೆಲ್ಲ ತೊಳೆದು ಸಾಮಾನು ತನಗೆ ಬೇಕಾದ ಹಾಗೆ ಜೋಡಿಸಿದ್ದಾಳೆ. ಯಾಕೆ ಎಂದರೆ "ಸಾಯಬ್ರು ನೋಡೂದಿಲ್ಲನೇ?" ಅನ್ನುತ್ತಾಳೆ. ಈಗ ಈ ಮನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಸಾಹೇಬರ ಹೆಸರು ಹೇಳುತ್ತೇವೆ. ದೊಡ್ಡಪ್ಪ ನನಗೆ ಸೊಳ್ಳೆಪರದೆ ತಂದುಕೊಟ್ಟಿದ್ದೂ ಸಾಹೇಬರಿಗಾಗಿ.

ಅಕ್ಟೋಬರ್ 14, ಮಂಗಳವಾರ

ಇವತ್ತಿನದು ಎಷ್ಟು ಬರೆದರೂ ಮುಗಿಯುವುದಿಲ್ಲ.

ಹನ್ನೊಂದು ಗಂಟೆಗೆ ದೇವಾನಂದ ಸರ್ ಬಂದು ಬಕೆಟ್ ಕೆಳಗಿಡು ಅಂದರು. ಹುಬ್ಬಳ್ಳಿಯ ಗುರುಪ್ರಸಾದ ಸಾಹೇಬರು ಹೇಳದೆ ಕೇಳದೆ ಬಂದಿದ್ದರು. ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಅವರ್ಸಾಕ್ಕೆ ಹೊರಟರು. ದಾರಿಯಲ್ಲಿ ಯಾರಿಗೂ ಫೋನ್ ಮಾಡಬಾರದು ಅಂದರು. ನನ್ನ ಬಳಿ ಫೋನೇ ಇಲ್ಲ. ಬೈತಖೋಲ ದಾಟುವ ತನಕ ಬರೀ ಬಾಗಿಲ ಸಂದಿ ನೋಡುತ್ತಿದ್ದೆ, ಧೂಳು ಇದೆಯೋ ಎಂದು.

ಮನೆಯಲ್ಲಿ ದೊಡ್ಡವ್ವ ಟೀವಿ ಮುಂದೆ, ಅವ್ವಿ ಮೀನು ಮಾರಿ ಬಂದು ಒಲೆ ಮುಂದೆ. ದೊಡ್ಡಪ್ಪ ಪಂಚೆಯಲ್ಲೇ ಓಡಿ ಬಂದರು. "ಬನ್ನಿ ಸಾಯಬ್ರೆ, ಇದು ನನ್ನ ತಮ್ಮನ ಕೋಣೆ, ಇದು ತಮ್ಮನ ಫೋಟೋ, ಇದು ತಮ್ಮನ ಹೆಂಡತಿಯ ಟ್ರಂಕು" ಎಂದು ಒಂದೊಂದೇ ತೋರಿಸತೊಡಗಿದರು. ದೇವಸ್ಥಾನ ತೋರಿಸುವ ಹಾಗೆ.

ಸಾಹೇಬರು ದಪ್ಪ ಕನ್ನಡಕದ ಮನುಷ್ಯ. ಫೋಟೋದ ಹಿಂದಿನ ಗೋಡೆ ಮುಟ್ಟಿ ನೋಡಿದರು. "ಮೊಳೀ ಹೊಸಾದೈತಲ್ರೀ" ಅಂದರು. ದೊಡ್ಡಪ್ಪ ಹಾರ ಸರಿಮಾಡಿದರು. ಆಮೇಲೆ ಸಾಹೇಬರು ಹೆಂಗಸರನ್ನೆಲ್ಲ ಒಲೆಯ ಬಳಿಗೇ ಕರೆದರು.

"ನಾ ಕಾಗದ ನಂಬೂದಿಲ್ಲ. ಕಾಗದ ಎಲ್ಲಾರೂ ತರ್ತಾರ. ನಂದು ಒಂದ ಪ್ರಶ್ನಿ. ಈ ಮನ್ಯಾಗ ಉಪ್ಪು ಎಲ್ಲೈತಿ? ಇಲ್ಲೇ ಇರೋರಿಗೆ ಗೊತ್ತಿರತೈತಿ. ಬಂದು ಹೋಗೋರಿಗೆ ಗೊತ್ತಿರೂದಿಲ್ಲ."

ದೊಡ್ಡವ್ವನ ಕಡೆ ಕೈ ತೋರಿಸಿ, "ಮೊದ್ಲ ನೀವು ತೋರಸ್ರಿ" ಅಂದರು.

ದೊಡ್ಡವ್ವ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಗೂಡಿನ ಬಳಿ ಹೋದಳು. ಕಿಟಕಿಯ ಮೇಲಿನ ಡಬ್ಬಿ ತೆಗೆದಳು, ಅದರಲ್ಲಿ ಮುರುಗಲ ಸಿಪ್ಪೆ. ಇನ್ನೊಂದು ತೆಗೆದಳು, ಸಾಸಿವೆ. ಮೂರನೆಯದರಲ್ಲಿ ಅವ್ವಿಯ ಬಸ್ಸಿನ ಚಿಲ್ಲರೆ. ಕಡಲ ಗಾಳಿಗೆ ಉಪ್ಪು ನೀರು ಬಿಡುತ್ತದೆಂದು ಅವ್ವಿ ಅದನ್ನು ಭರಣಿಗೆ ಹಾಕಿ ಒಲೆಯ ಹಿಂದೆ ಬೆಚ್ಚಗೆ ಇಟ್ಟಿದ್ದಾಳೆ. ಎರಡು ವಾರದಿಂದ ಒಲೆಯ ಬಳಿ ಬಾರದ ದೊಡ್ಡವ್ವನಿಗೆ ಅದು ಎಲ್ಲಿ ಗೊತ್ತಾಗಬೇಕು? ಆರನೇ ಡಬ್ಬಿಗೆ ಸಾಹೇಬರು ಸಾಕು ಅಂದರು.

"ಈಗ ನೀವು" ಎಂದು ಅವ್ವಿಗೆ ಹೇಳಿದರು. ಅವ್ವಿ ಕೂತಲ್ಲಿಂದ ಏಳಲೂ ಇಲ್ಲ. ಕೈ ಹಿಂದೆ ಮಾಡಿ ಭರಣಿ ತಂದು ಮುಂದಿಟ್ಟಳು.

ಸಾಹೇಬರು ಕಾಗದದ ಮೇಲೆ ಏನೋ ಬರೆದುಕೊಂಡು ದೊಡ್ಡಪ್ಪನ ಕಡೆ ತಿರುಗಿದರು.

"ಇವ್ರು ಬೊಮ್ಮಿಯವರು, ಈ ಮನೀಯವ್ರ ಅದಾರ. ಅನುಮಾನ ಇಲ್ಲ. ಆದ್ರ ಈ ಅವ್ವಾರು ಯಾರ್ರೀ?"

"ನನ್ನ ಹೆಂಡ್ತಿ ಸಾಯಬ್ರೆ!"

"ಎಲ್ಲಾರೂ ಹಂಗ ಅಂತಾರ. ರಿಯಾಯಿತಿ ಸಂಬಂಧ ಹೆಂಡ್ತಿ ಅಂತ ಹೇಳಿ ಕರಕೊಂಡು ಬಂದೋರ್ನೂ ನೋಡೀನಿ."

ದೊಡ್ಡಪ್ಪ ಏಣಿ ಹಾಕಿ ಅಟ್ಟ ಹತ್ತಿದರು. ಮದುವೆಯ ಫೋಟೋ ತಂದರು. ಗೆದ್ದಲು ತಿಂದು ದೊಡ್ಡಪ್ಪ ಮಾತ್ರ ಉಳಿದಿದ್ದರು, ಪಕ್ಕದಲ್ಲಿ ಒಂದು ಬಾಸಿಂಗ. ದೊಡ್ಡವ್ವ ಅಳತೊಡಗಿದಳು. ಇಪ್ಪತ್ತಾರು ವರ್ಷ ಈ ಮನೆಯಲ್ಲಿ ತೇದೆ, ಈಗ ಯಾರು ಎಂದು ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು.

ಅವ್ವಿಯೇ ಎದ್ದು ಹೋಗಿ ಅವಳ ಪಕ್ಕ ನಿಂತಳು. "ಇವ್ಳು ನಮ್ಮ ಅಕ್ಕನೇ ಸಾಯಬ್ರೆ. ಇಲ್ಲೇ ಇರ್ತಾಳೆ. ಉಪ್ಪು ನಾನು ಬೇರೆ ಕಡೆ ಇಟ್ಟದ್ದು. ನೀವು ಹಂಗೆಲ್ಲ ಬರೀಬ್ಯಾಡಿ."

ಸಾಹೇಬರು "ಬೊಮ್ಮಿಯವರ ಹೇಳಿಕೆ ಮೇರೆಗೆ" ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಬರೆದು, ಅವ್ವಿಯ ಹೆಬ್ಬೆಟ್ಟು ಹಾಕಿಸಿಕೊಂಡರು.

ಹೋಗುವಾಗ ನನ್ನನ್ನೂ ಏನೋ ಕೇಳಿದರು. ನಾನು ಉತ್ತರ ಕೊಟ್ಟೆ. ಏನು ಎಂದು ಈಗ ನೆನಪಿಲ್ಲ.

ಅಕ್ಟೋಬರ್ 17, ಶುಕ್ರವಾರ

ರಿಯಾಯಿತಿ ಮಂಜೂರು. ದೊಡ್ಡಪ್ಪ ಊರಿಗೆಲ್ಲ ಹೇಳಿದರು.

ಅಕ್ಟೋಬರ್ 20, ಸೋಮವಾರ

ಭಾವಿಕೇರಿಯ ನಮ್ಮ ಬಿಡಾರ ಕೆಡವಿದರು. ಅವ್ವಿ ಮೀನು ಮಾರಲು ಹೋದವಳು ನೋಡಿ ಬಂದಳು. ಒಲೆಯ ಕಲ್ಲು ಸಹ ಇಲ್ಲ, ಎರಡು ಲಾರಿ ನಿಂತಿವೆ ಅಂದಳು. ಅನ್ನ ಕಡಿಮೆ ಉಂಡಳು.

ಇನ್ನು ಹಿಂದೆ ಹೋಗಲು ಎಲ್ಲಿಗೂ ಇಲ್ಲ. ಕಾರು ಬಂದ ಮೇಲೆ ಇವರು ಹೋಗಿ ಅಂದರೆ ಏನು ಮಾಡುವುದು ಎಂದು ಅವ್ವಿಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅಕ್ಟೋಬರ್ 26, ಭಾನುವಾರ

ಕಾರು ಬಂತು. ನಾನೇ ತೊಳೆದದ್ದು, ನಾನೇ ರಿಬ್ಬನ್ ಕಟ್ಟಿದ್ದು. ಬಿಳಿ ಬಣ್ಣ. ದೊಡ್ಡಪ್ಪ ಸೀಟಿನ ಪ್ಲಾಸ್ಟಿಕ್ ತೆಗೆಯಲು ಬಿಡಲಿಲ್ಲ, ಅದೂ ದುಡ್ಡು ಕೊಟ್ಟದ್ದೇ ಅಂದರು. ಫೋಟೋ ತೆಗೆಯುವಾಗ "ಕುಟುಂಬದವರೆಲ್ಲ ಬನ್ನಿ" ಎಂದು ವಿನುತಾ ಕರೆದಳು. ದೊಡ್ಡವ್ವ ನನಗೂ ಕಾರಿಗೂ ನಡುವೆ ನಿಂತಳು.

ಅವರ್ಸಾ ತಲುಪುವಷ್ಟರಲ್ಲಿ ಕಾರು ಕೆಂಪಾಗಿತ್ತು.

ಅಕ್ಟೋಬರ್ 30, ಗುರುವಾರ

ಹಬ್ಬ ಮುಗಿಯಿತು. ದೊಡ್ಡಪ್ಪ ಊಟಕ್ಕೆ ಕೂತಾಗ, ರಾಮನಗುಳಿಯಲ್ಲಿ ಅವರ ಗುರುತಿನವರ ತೋಟ ಇದೆ, ಕಾಯಲು ಜನ ಬೇಕಂತೆ, ಇರಲು ಒಂದು ಕೋಣೆ ಕೊಡುತ್ತಾರಂತೆ ಎಂದರು. ಗಾಳಿಗೆ ಹೇಳಿದ ಹಾಗೆ ಹೇಳಿದರು.

ರಾಮನಗುಳಿಯಿಂದ ಕಡಲು ಎಷ್ಟು ದೂರ! ಅಲ್ಲಿ ಅವ್ವಿ ಬೆಳಿಗ್ಗೆ ಯಾವ ಮೀನು ಮಾರಬೇಕು? ನಾನು ಕಾರವಾರಕ್ಕೆ ಹೇಗೆ ಬರಬೇಕು?

ಅಕ್ಟೋಬರ್ 31, ಶುಕ್ರವಾರ

ಸಂಜೆ ಬಸ್ಸಿಳಿದು ಬಂದರೆ ನಮ್ಮ ಟ್ರಂಕು ಜಗಲಿಯಲ್ಲಿತ್ತು. ಅದರ ಮೇಲೆ ಮಡಚಿದ ಚಾಪೆ. ಅವ್ವಿ ಮೆಟ್ಟಿಲ ಮೇಲೆ ಕೂತಿದ್ದಳು. ಅಂಗಳದಲ್ಲಿ ಕಾರು ನೋಡಲು ಬಂದ ನಾಲ್ಕೈದು ಜನ, ಹಿಂದೆ ದೋಣಿ ನಡೆಸುತ್ತಿದ್ದ ತಾಂಡೇಲ ರಾಮನಾಥಜ್ಜನೂ ಇದ್ದರು. ಅಪ್ಪ ಮೊದಲು ದೋಣಿ ಹತ್ತಿದ್ದು ಅವರ ಕೈಕೆಳಗೆ. ದೊಡ್ಡಪ್ಪ ಅವರಿಗೆ ರಿಯಾಯಿತಿಯ ಕತೆ ಹೇಳುತ್ತಿದ್ದರು.

ದೊಡ್ಡವ್ವ ನನ್ನನ್ನು ನೋಡಿ, "ಬಂದ್ಯೇ? ಕಿಶೋರ ಕಾರಲ್ಲೇ ಬಿಟ್ಟು ಬರ್ತಾನೆ ರಾಮನಗುಳಿಗೆ. ಕಾರಲ್ಲಿ ಹೋಗೂ ಯೋಗ ನಿಮ್ಗೆ" ಅಂದಳು.

ನಾನು ದೊಡ್ಡಪ್ಪನ ಬಳಿ ಹೋದೆ.

"ದೊಡ್ಡಪ್ಪಾ, ನಾವು ಬೇರೆ ಹೋದ್ರೆ ಕಂಪನಿಗೆ ಬರ್ದು ತಿಳಿಸ್ಬೇಕಲಾ."

"ಯಾರು ಬರೀತಾರೆ?"

"ನಾನೇ. ಸಹಿ ನಾನೇ ಹಾಕಿದ್ದೆ. ನಾಳೆ ಬರ್ದು ಕೊಡ್ತೆ. ಕೊಡದಿದ್ರೆ ನನ್ನ ಕೆಲ್ಸ ಹೋಗ್ತದೆ. ಕೊಟ್ರೆ ನಿಮ್ಮ ಇಪ್ಪತ್ತೆಂಟು ಸಾವಿರ ವಾಪಸ್ಸು ಕಟ್ಟೂದು."

ದೊಡ್ಡಪ್ಪ ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟರು.

"ಹೆದರ್ಸ್ತ್ಯೇನೆ?"

ಇಲ್ಲ ಅಂದೆ. ನಿಜವಾಗಿಯೂ ಹೆದರಿದವಳು ನಾನು.

"ಹಂಗಾದ್ರೆ ವರ್ಸ ಇರಿ. ವರ್ಸ ಆದ ಮರುದಿನ ಹೊರಡಿ" ಅಂದಳು ದೊಡ್ಡವ್ವ.

ನಾನು ಟ್ರಂಕು ತೆಗೆದು ಜೆರಾಕ್ಸ್ ಪ್ರತಿ ತಂದು ಓದಿದೆ. ಗಟ್ಟಿಯಾಗಿ ಓದದಿದ್ದರೆ ನನಗೆ ಅಕ್ಷರ ಕೂಡುವುದಿಲ್ಲ, ಅದಕ್ಕೇ ಗಟ್ಟಿಯಾಗಿ ಓದಿದೆ. ಈ ಮನೆ ಪಾಲಾಗಿಲ್ಲ ಎಂಬಲ್ಲಿ ರಾಮನಾಥಜ್ಜ "ಎಂತಾ ಎಂತಾ? ಇನ್ನೊಂದ್ಸಲ ಓದು" ಅಂದರು. ಇನ್ನೊಮ್ಮೆ ಓದಿದೆ. ಅರ್ಧ ಪಾಲಿನ ಹಕ್ಕುದಾರರು ಎಂಬಲ್ಲಿ ದೊಡ್ಡವ್ವ "ಇದ್ಯಾರು ಬರ್ದದ್ದು?" ಎಂದು ಕಿರುಚಿದಳು. ಕೆಳಗೆ ದೊಡ್ಡಪ್ಪನ ಸಹಿ ಇತ್ತು. ಅದನ್ನೂ ಓದಿದೆ.

"ಸಾಬಾಸ್ ಹರಿಶ್ಚಂದ್ರಾ!" ಅಂದರು ರಾಮನಾಥಜ್ಜ. "ಹತ್ತು ವರ್ಸದ ಮೇಲಾದ್ರೂ ಖರೇ ಬರ್ಸಿದ್ಯಲಾ. ಅಲ್ಲಾ, ಇದು ಸುಳ್ಳಾ? ಸುಳ್ಳಾದ್ರೆ ಕಾರು ಸುಳ್ಳು ಹೇಳಿ ತಂದದ್ದು ಅಂತಾಯ್ತು."

ದೊಡ್ಡಪ್ಪ ನನ್ನ ಮುಖ ನೋಡಿದರು, ರಾಮನಾಥಜ್ಜನ ಮುಖ ನೋಡಿದರು, ಆಮೇಲೆ ಕಾರು ನೋಡಿದರು. ಬಹಳ ಹೊತ್ತು ಕಾರನ್ನೇ ನೋಡಿದರು. ಕೊನೆಗೆ ದೊಡ್ಡವ್ವನ ಕಡೆ ತಿರುಗಿ ಸಿಟ್ಟಿನಿಂದ,

"ಟ್ರಂಕು ಹೊರಗೆ ಇಟ್ಟದ್ದು ಯಾಕೇ? ಇಬ್ಬನಿ ಬೀಳ್ತದೆ. ಒಳಗೆ ಇಡು!" ಅಂದರು.

ಟ್ರಂಕು ಭಾರ ಇತ್ತು. ಒಂದು ಬದಿ ಕಿಶೋರ ಹಿಡಿದ.

ನವೆಂಬರ್ 9, ಭಾನುವಾರ

ಒಂದು ವಾರ ಬರೆಯಲು ಪುರುಸೊತ್ತಾಗಲಿಲ್ಲ.

ರಾಮನಾಥಜ್ಜ ಮತ್ತು ಊರಿನ ಇಬ್ಬರು ಹಿರಿಯರು ಬಂದು ಹಗ್ಗ ಹಿಡಿದು ಮನೆ ಅಳೆದರು. ಅಳೆಯುವ ಮೊದಲು ದೊಡ್ಡಪ್ಪ ಪಾಲಿನಲ್ಲೂ ಚೌಕಾಸಿಗೆ ಇಳಿದರು, ಅರ್ಧ ಬೇಡ, ಮೂರರಲ್ಲಿ ಒಂದು ಮಾಡೋಣ ಎಂದು. "ಕಾಗದದಲ್ಲಿ ಅರ್ಧ ಅಂತ ಅದೆ. ಕಂಪನಿಗೆ ಮತ್ತೊಂದು ಕಾಗದ ಬರ್ದು ಕೊಡೂದಾ?" ಎಂದು ನಾನು ಕೇಳಿದೆ, ತಿಳಿಯದೆಯೇ ಕೇಳಿದ್ದು. ಅವರು ಹಗ್ಗದ ಇನ್ನೊಂದು ತುದಿ ತಾವೇ ಹಿಡಿದುಕೊಂಡರು. ಇನ್ನು ಅಂಕೋಲೆಗೆ ಹೋಗಿ ಪಕ್ಕಾ ಮಾಡಿಸಬೇಕು. ವಕೀಲರು ಗುರುವಾರ ಬನ್ನಿ ಅಂದಿದ್ದಾರೆ, ನಾನೇ ಹೋಗಿ ಕೇಳಿ ಬಂದೆ.

ಅಪ್ಪನ ಕೋಣೆ, ಪಡಸಾಲೆಯ ಅರ್ಧ, ಅಡುಗೆ ಕೋಣೆ ನಮ್ಮ ಕಡೆ. ಒಂದು ವರ್ಷ ಒಂದೇ ಅಡುಗೆ ಇರಲೇಬೇಕಾದ್ದರಿಂದ ದೊಡ್ಡವ್ವ ಊಟಕ್ಕೆ ನಮ್ಮ ಕಡೆ ಬರುತ್ತಾಳೆ. ಬಂದು, ಸಾರಿಗೆ ಉಪ್ಪು ಕಡಿಮೆ ಅನ್ನುತ್ತಾಳೆ. ಅಂಗಳದ ತಗಡಿನ ಮಾಡೂ ನಮ್ಮ ಪಾಲಿಗೇ ಬಂತು. ಊರಿನಲ್ಲಿ ಬೇರೆಲ್ಲಿ ನಿಲ್ಲಿಸಿದರೂ ಕಾರಿಗೆ ಅದಿರಿನ ಧೂಳು. ನಿನ್ನೆ ದೊಡ್ಡಪ್ಪ ಮೆಟ್ಟಿಲ ಕೆಳಗೆ ನಿಂತು,

"ಬೊಮ್ಮಿ, ಕಾರು ಇಲ್ಲೇ ಇರ್ಲಾ?" ಅಂದರು.

"ಇರ್ಲಿ ಭಾವ" ಅಂದಳು ಅವ್ವಿ. "ಬಾಡಿಗೆ ಹೊರಗಿನವ್ರಿಗೆ ತಿಂಗಳಿಗೆ ಮುನ್ನೂರು. ನಿಮ್ಗೆ ಇನ್ನೂರೈವತ್ತು ಮಾಡುವಾ."

ದೊಡ್ಡಪ್ಪ ಇನ್ನೂರಕ್ಕೆ ಇಳಿಸಿ, ಗೆದ್ದವರ ಹಾಗೆ ಮೀಸೆ ತಿರುವಿಕೊಂಡು ಹೋದರು.

ಶೋರೂಮಿನಲ್ಲಿ ವಿನುತಾ ಮದುವೆಗೆಂದು ಹದಿನೈದು ದಿನ ರಜೆ ಹಾಕಿದ್ದಾಳೆ. ರಿಯಾಯಿತಿ ಕೇಳಿಕೊಂಡು ಬರುವವರಿಗೆ ನಿಯಮ ತಿಳಿಸಿ ಹೇಳುವುದನ್ನು ದೇವಾನಂದ ಸರ್ ನನಗೆ ವಹಿಸಿದ್ದಾರೆ. ನಿನ್ನೆ ಒಂದೇ ದಿನ ಒಂಬತ್ತು ಜನ ಬಂದರು. ಒಬ್ಬ, ನಿನ್ನ ಅಜ್ಜಿ ನನ್ನ ಅಜ್ಜಿಗೆ ತಂಗಿಯಾಗಬೇಕು ಅಂದ. ಯಾವ ಊರಿನ ಅಜ್ಜಿ, ಹೆಸರೇನು, ರೇಶನ್ ಕಾರ್ಡು ತಾ, ಪಂಚಾಯತದ ಕಾಗದ ತಾ ಎಂದು ಕೇಳುತ್ತಲೇ ಹೋದೆ. ಅವನು ಕೊನೆಗೆ ಪೂರ್ತಿ ರೇಟಿಗೇ ಕಾರು ಬುಕ್ ಮಾಡಿ ಹೋದ.

ಗಂಟಲು ಕೆಟ್ಟಿದೆ. ಅಪ್ಪನ ಕೋಣೆಗೆ ಮೊನ್ನೆ ಬಳಿದ ಸುಣ್ಣದ ವಾಸನೆಗೆ ಇರಬೇಕು.